ಜೀರ್ಣನಾಳದ ಲಿಂಫೋಮಾಗಳು: ಪತ್ತೆ ಮತ್ತು ಚಿಕಿತ್ಸೆ

ರಕ್ತದ ಬಿಳಿಕಣಗಳಲ್ಲಿ ಲಿಂಫೋಸೈಟ್ ಎಂಬುದು ಒಂದು ಬಗೆ. ಸೋಂಕಿನಿಂದ ದೇಹವನ್ನು ಕಾಯುವ ಈ ಕಣಗಳೇ ಹತೋಟಿ ಮೀರಿ ಬೆಳೆದಾಗ ಬರುವ ಕ್ಯಾನ್ಸರು ಲಿಂಫೋಮಾ. ಕುತ್ತಿಗೆ, ಕಂಕುಳು, ತೊಡೆಸಂದಿನ ದುಗ್ಧಗ್ರಂಥಿಗಳು ನೋವಿಲ್ಲದೆ ಊದಿಕೊಳ್ಳುವುದು ಅದರ ಹೆಚ್ಚು ಪರಿಚಿತ ರೂಪ. ಗ್ರಂಥಿಗಳನ್ನು ಬಿಟ್ಟು ಬೇರೆ ಅಂಗಗಳಲ್ಲೇ ಮೊದಲು ಹುಟ್ಟುವ ಲಿಂಫೋಮಾಗಳೂ ಇವೆ. ಅಂಥವುಗಳಲ್ಲಿ ಶೇ. 30ರಿಂದ 40ರಷ್ಟು ಅನ್ನನಾಳದಿಂದ ಗುದನಾಳದವರೆಗಿನ ಜೀರ್ಣನಾಳದಲ್ಲಿ ಕಾಣಿಸುತ್ತವೆ. ಬೇರೆ ಯಾವ ಅಂಗದ ಪಾಲೂ ಇಷ್ಟಿಲ್ಲ. ಜಠರ ಮೊದಲ ಸ್ಥಾನದಲ್ಲಿದ್ದರೆ, ಸಣ್ಣಕರುಳು ಹಾಗೂ ಸಣ್ಣಕರುಳು ದೊಡ್ಡಕರುಳು ಕೂಡುವ ಜಾಗ ಅದರ ನಂತರ ಬರುತ್ತವೆ. ದೊಡ್ಡಕರುಳಿನಲ್ಲಿ ಕಡಿಮೆ, ಅನ್ನನಾಳದಲ್ಲಿ ತೀರಾ ವಿರಳ. ಲಿಂಫೋಮಾಗಳ ಎರಡು ಮುಖ್ಯ ಗುಂಪುಗಳಲ್ಲಿ ಇವೆಲ್ಲ ಹೆಚ್ಚುಕಡಿಮೆ ಹಾಡ್ಗ್‌ಕಿನ್ ಅಲ್ಲದ ಗುಂಪಿಗೆ ಸೇರಿದವು. ಜೀರ್ಣನಾಳದ ಒಟ್ಟು ಕ್ಯಾನ್ಸರುಗಳ ನಡುವೆ ಲಿಂಫೋಮಾದ ಪಾಲು ನೂರಕ್ಕೆ ಕೆಲವೇ ಕೆಲವು.

ಹೊಟ್ಟೆಯಲ್ಲಿ ಲಿಂಫೋಮಾ ಇದೆ ಎಂದಷ್ಟೇ ತಿಳಿದರೆ ಚಿಕಿತ್ಸೆಗೆ ದಾರಿ ಸಿಗುವುದಿಲ್ಲ. ಒಂದು ಬಗೆ ಎರಡು ವಾರದ ಆಂಟಿಬಯೋಟಿಕ್ ಮಾತ್ರೆಗಳಿಗೇ ಕರಗಿಹೋಗಬಹುದು. ಇನ್ನೊಂದನ್ನು ಏನೂ ಮಾಡದೆ ವರ್ಷಗಟ್ಟಲೆ ಗಮನಿಸುತ್ತ ಕೂರಬಹುದು. ಮತ್ತೊಂದಕ್ಕೆ ಕೀಮೋಥೆರಪಿ ಒಂದು ವಾರ ತಡವಾದರೂ ಜೀವಕ್ಕೆ ಅಪಾಯ. ಈ ರೋಗದ ಮಟ್ಟಿಗೆ ಬಯಾಪ್ಸಿಯ ವರದಿಯಲ್ಲಿ ಬರೆದ ಬಗೆಯ ಹೆಸರೇ ಚಿಕಿತ್ಸೆಯ ಮುಕ್ಕಾಲು ಪಾಲನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ಲೇಖನದಲ್ಲಿ ಔಷಧಗಳಿಗಿಂತ ಪತ್ತೆಗೇ ಹೆಚ್ಚು ಜಾಗ ಕೊಡಲಾಗಿದೆ.

ಜಠರ ಮತ್ತು ಒಂದು ಬ್ಯಾಕ್ಟೀರಿಯಾ

ನಾವು ತಿಂದ ಆಹಾರದ ಜೊತೆ ದಿನವೂ ಅಸಂಖ್ಯ ಸೂಕ್ಷ್ಮಜೀವಿಗಳು ಒಳಹೋಗುತ್ತವೆ. ಅವನ್ನು ಎದುರಿಸಲು ಕರುಳಿನ ಒಳಪೊರೆಯ ಕೆಳಗೆ ಲಿಂಫೋಸೈಟುಗಳ ದೊಡ್ಡ ಸೈನ್ಯವೇ ನೆಲೆಯೂರಿದೆ. ಸಣ್ಣಕರುಳಿನ ಕೊನೆಯ ಭಾಗದಲ್ಲಿ ಅವು ಪೇಯರ್ ತಟ್ಟೆಗಳೆಂಬ ಗುಂಪುಗಳಾಗಿ ಒತ್ತಾಗಿವೆ. ಕರುಳಿನ ಲಿಂಫೋಮಾ ಆ ಭಾಗದಲ್ಲಿ ಹೆಚ್ಚಾಗಿ ಕಾಣಿಸಲು ಇದು ಒಂದು ಕಾರಣ. ಆರೋಗ್ಯವಂತ ಜಠರದ ಕತೆ ಬೇರೆ. ಅಲ್ಲಿ ಇಂಥ ಅಂಗಾಂಶ ಇಲ್ಲವೆಂದೇ ಹೇಳಬೇಕು. ಇಲ್ಲದ ಕಡೆಯಲ್ಲಿ ಲಿಂಫೋಮಾ ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಧುನಿಕ ವೈದ್ಯಕೀಯದ ಸುಂದರ ಅಧ್ಯಾಯಗಳಲ್ಲೊಂದು.

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಇಂದು ಕರೆಯುವುದು ಇದನ್ನೇ; ಈ ಶೋಧಕ್ಕೆ 2005ರ ನೊಬೆಲ್ ಬಂತು. 1983ರಲ್ಲಿ ಬ್ರಿಟನ್ನಿನ ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ ಎಂಬ ಪೆಥಾಲಜಿಸ್ಟರು, ಜಠರದ ಕೆಲವು ಲಿಂಫೋಮಾಗಳು ದುಗ್ಧಗ್ರಂಥಿಯನ್ನು ಹೋಲದೆ ಕರುಳಿನ ಲೋಳೆಪೊರೆಯ ಲಿಂಫ್ ಅಂಗಾಂಶವನ್ನು ಹೋಲುತ್ತವೆ ಎಂದು ತೋರಿಸಿದರು. ಆ ಅಂಗಾಂಶದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಮಾಲ್ಟ್ ಲಿಂಫೋಮಾ ಎಂಬ ಹೆಸರು ಬಂತು. ಈ ಎರಡು ಎಳೆಗಳೂ 1991ರಲ್ಲಿ ಕೂಡಿಕೊಂಡವು. ಆ ವರ್ಷ ಆಂಡ್ರ್ಯೂ ವಾದರ್‌ಸ್ಪೂನ್, ಐಸಾಕ್ಸನ್ ಮತ್ತು ಸಂಗಡಿಗರು ಜಠರದ ಮಾಲ್ಟ್ ಲಿಂಫೋಮಾ ಇದ್ದ 110 ರೋಗಿಗಳ ಮಾದರಿಗಳನ್ನು ನೋಡಿ, ಶೇ. 92ರಲ್ಲಿ ಈ ಬ್ಯಾಕ್ಟೀರಿಯಾ ಇದೆಯೆಂದು ವರದಿ ಮಾಡಿದರು. ಎರಡು ವರ್ಷದ ನಂತರ ಆರು ರೋಗಿಗಳಿಗೆ ಬರೀ ಆಂಟಿಬಯೋಟಿಕ್ ಕೊಟ್ಟು ನೋಡಿದಾಗ ಐವರಲ್ಲಿ ಲಿಂಫೋಮಾ ಹಿಂದೆ ಸರಿಯಿತು. ಸೋಂಕು ಲಿಂಫೋಸೈಟುಗಳನ್ನು ವರ್ಷಗಟ್ಟಲೆ ಕೆರಳಿಸುತ್ತ ಜಠರಕ್ಕೆ ಕರೆತರುತ್ತದೆ. ಅವುಗಳಲ್ಲಿ ಒಂದು ತಳಿ ದಾರಿ ತಪ್ಪಿ ಬೆಳೆಯುತ್ತದೆ. ಆದರೂ ಬಹುಕಾಲ ಅದಕ್ಕೆ ಸೋಂಕಿನ ಪ್ರಚೋದನೆ ಬೇಕೇ ಬೇಕು. ಆ ಪ್ರಚೋದನೆ ನಿಂತರೆ ಗೆಡ್ಡೆ ಸೊರಗುತ್ತದೆ. ಕ್ಯಾನ್ಸರೊಂದು ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ ಎಂಬುದನ್ನು ಅಂದಿನ ವೈದ್ಯಲೋಕ ಒಪ್ಪಿಕೊಳ್ಳಲು ಸಮಯ ಹಿಡಿಯಿತು. ಇಂದು ಅದೇ ಮೊದಲ ಚಿಕಿತ್ಸೆ.

ಬಗೆಗಳು

ಲಿಂಫೋಸೈಟುಗಳಲ್ಲಿ ಬಿ-ಸೆಲ್, ಟಿ-ಸೆಲ್ ಎಂಬ ಎರಡು ಮುಖ್ಯ ಬಗೆಗಳಿವೆ; ಲಿಂಫೋಮಾ ಯಾವುದರಿಂದಲೂ ಹುಟ್ಟಬಹುದು. ಜೀರ್ಣನಾಳದಲ್ಲಿ ಅತಿ ಸಾಮಾನ್ಯವಾದದ್ದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಇದು ವೇಗವಾಗಿ ಬೆಳೆಯುತ್ತದೆ, ಆದರೆ ಚಿಕಿತ್ಸೆಗೂ ಚೆನ್ನಾಗಿ ಬಗ್ಗುತ್ತದೆ. ಹಳೆಯ ಮಾಲ್ಟ್ ಲಿಂಫೋಮಾ ಕೆರಳಿ ಈ ರೂಪ ತಾಳುವುದೂ ಉಂಟು. ಮಾಲ್ಟ್ ಲಿಂಫೋಮಾ ಸ್ವಭಾವತಃ ನಿಧಾನಿ. ಬಹುಕಾಲ ಜಠರ ಬಿಟ್ಟು ಹೊರಗೆ ಹೋಗುವುದಿಲ್ಲ. ಮ್ಯಾಂಟಲ್ ಸೆಲ್ ಲಿಂಫೋಮಾ ಜೀರ್ಣನಾಳದ ಉದ್ದಕ್ಕೂ ನೂರಾರು ಸಣ್ಣ ಪಾಲಿಪ್‌ಗಳಾಗಿ ಎದ್ದು ಕಾಣಬಹುದು. ಆ ಹೊತ್ತಿಗೆ ಅದು ಸಾಮಾನ್ಯವಾಗಿ ಮೂಳೆಮಜ್ಜೆಗೂ ಹರಡಿರುತ್ತದೆ. ಸಣ್ಣಕರುಳಿನ ಮೊದಲ ಭಾಗವಾದ ಡುವೊಡಿನಮ್‌ನಲ್ಲಿ ಬರುವ ಫಾಲಿಕ್ಯುಲರ್ ಲಿಂಫೋಮಾ ಇದಕ್ಕೆ ತದ್ವಿರುದ್ಧ. ಬೇರೆ ಕಾರಣಕ್ಕೆ ಎಂಡೋಸ್ಕೋಪಿ ಮಾಡಿದಾಗ ಬಿಳಿ ಕಾಳುಗಳಂತೆ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುತ್ತದೆ, ಬಹಳ ಮಂದಿಯಲ್ಲಿ ಅಲ್ಲೇ ಇದ್ದುಬಿಡುತ್ತದೆ.

ಬರ್ಕಿಟ್ ಲಿಂಫೋಮಾ ಮಕ್ಕಳಲ್ಲೂ ಯುವಕರಲ್ಲೂ ಹೆಚ್ಚು. ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ಉಗಾಂಡಾದ ಮಕ್ಕಳ ದವಡೆಯಲ್ಲಿ ಇದನ್ನು ವಿವರಿಸಿದರು. ಆಫ್ರಿಕದ ಆ ಪ್ರದೇಶದ ಹೊರಗೆ ಇದು ಹೆಚ್ಚಾಗಿ ಹೊಟ್ಟೆಯಲ್ಲಿ, ಅದರಲ್ಲೂ ಬಲಗಡೆಯ ಕೆಳಭಾಗದಲ್ಲಿ ಕಾಣಿಸುತ್ತದೆ. ಗೆಡ್ಡೆ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲದು. ದೊಡ್ಡ ಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡು ಹೊಟ್ಟೆನೋವು ಬಂದಾಗ ಈ ಲಿಂಫೋಮಾವನ್ನು ಮರೆಯುವಂತಿಲ್ಲ.

ಟಿ-ಸೆಲ್ ಲಿಂಫೋಮಾಗಳು ಕಡಿಮೆ, ಆದರೆ ಕಠಿಣ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಲ್ಲಿ, ಹೆಚ್ಚಾಗಿ ಮಧ್ಯವಯಸ್ಸು ದಾಟಿದ ಮೇಲೆ, ಸಣ್ಣಕರುಳಿನ ನಡುಭಾಗದಲ್ಲಿ ಒಂದು ಬಗೆ ಬರುತ್ತದೆ. ಪಥ್ಯದಲ್ಲಿದ್ದೂ ಮತ್ತೆ ಭೇದಿ, ತೂಕ ಇಳಿಕೆ ಶುರುವಾದರೆ ಅದರ ಗುಮಾನಿ ಇರಬೇಕು. ಸೀಲಿಯಾಕ್ ನಂಟಿಲ್ಲದ ಮತ್ತೊಂದು ಬಗೆ ಏಷ್ಯಾದವರಲ್ಲಿ ಹೆಚ್ಚು. ಭಾರತದಲ್ಲಿ ಸೀಲಿಯಾಕ್ ಗೋಧಿ ಉಣ್ಣುವ ಉತ್ತರದಲ್ಲಿ ಜಾಸ್ತಿ, ದಕ್ಷಿಣದಲ್ಲಿ ಕಡಿಮೆ. ಕಟ್ಟುನಿಟ್ಟಾದ ಗ್ಲುಟೆನ್‌ರಹಿತ ಪಥ್ಯ ಈ ಲಿಂಫೋಮಾದ ಅಪಾಯವನ್ನು ತಗ್ಗಿಸುತ್ತದೆ. ಕರ್ನಾಟಕದ ಅಡುಗೆಮನೆಯಲ್ಲಿ ಅದು ಅಷ್ಟು ಕಷ್ಟವೂ ಅಲ್ಲ, ಏಕೆಂದರೆ ರಾಗಿ, ಜೋಳ, ಸಜ್ಜೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ರವೆ, ಮೈದಾ, ಶಾವಿಗೆಗಳ ಬಗ್ಗೆ ಮಾತ್ರ ಎಚ್ಚರ ಬೇಕು.

ಮೆಡಿಟರೇನಿಯನ್ ಮತ್ತು ಮಧ್ಯಪ್ರಾಚ್ಯದ ಬಡ ಸಮುದಾಯಗಳಲ್ಲಿ ಮೊದಲು ಗುರುತಿಸಿದ, ಭಾರತದಿಂದಲೂ ವರದಿಯಾಗಿರುವ ಇಪ್ಸಿಡ್ ಎಂಬ ಬಗೆಯನ್ನೂ ಹೆಸರಿಸಬೇಕು. ಎಳೆಯ ವಯಸ್ಸಿನವರಲ್ಲಿ ದೀರ್ಘಕಾಲದ ಭೇದಿ, ಸೊರಗಿದ ಮೈ, ಉಬ್ಬಿದ ಬೆರಳ ತುದಿ ಇದರ ಚಹರೆ. ಕ್ಯಾಂಪೈಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ನಂಟಿದೆಯೆಂದು 2004ರಲ್ಲಿ ತಿಳಿಯಿತು. ಆರಂಭದಲ್ಲೇ ಸಿಕ್ಕರೆ ಟೆಟ್ರಾಸೈಕ್ಲಿನ್‌ನಂಥ ಹಳೆಯ ಅಗ್ಗದ ಆಂಟಿಬಯೋಟಿಕ್‌ಗೇ ಇದು ಇಳಿಯುತ್ತದೆ.

ಎಚ್‌ಐವಿ ಸೋಂಕು, ಅಂಗಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಔಷಧಗಳು, ಕರುಳಿನ ಉರಿಯೂತಕ್ಕೆ ದೀರ್ಘಕಾಲ ಸೇವಿಸುವ ಅಜಥಯೋಪ್ರಿನ್ ಇವು ಲಿಂಫೋಮಾದ ಅಪಾಯವನ್ನು ಏರಿಸುತ್ತವೆ. ಕಸಿ ಮಾಡಿಸಿಕೊಂಡವರಲ್ಲಿ ಆ ಔಷಧಗಳ ಪ್ರಮಾಣ ಇಳಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಲಕ್ಷಣಗಳು, ಮತ್ತು ಟಿ.ಬಿ.ಯ ಗೊಂದಲ

ಜಠರದ ಲಿಂಫೋಮಾಕ್ಕೆ ತನ್ನದೇ ಆದ ಲಕ್ಷಣವಿಲ್ಲ. ಮೇಲ್ಹೊಟ್ಟೆ ನೋವು, ಉಬ್ಬರ, ವಾಕರಿಕೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಇಷ್ಟೇ. ಇವನ್ನೆಲ್ಲ ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಎಂದು ಕರೆದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುವುದು ವಾಡಿಕೆ. ಆಮ್ಲ ತಗ್ಗಿಸುವ ಮಾತ್ರೆಗಳಿಂದ ನೋವು ತಾತ್ಕಾಲಿಕವಾಗಿ ಇಳಿಯುತ್ತದೆ, ಹುಣ್ಣಿನ ಮೇಲ್ಮೈ ಮಾಯುತ್ತದೆ, ಬ್ಯಾಕ್ಟೀರಿಯಾದ ಪರೀಕ್ಷೆಯೂ ತಪ್ಪಾಗಿ ‘ಇಲ್ಲ’ ಎಂದು ಬರಬಹುದು. ತೂಕ ಇಳಿಯುವುದು, ಕಪ್ಪು ಮಲ, ರಕ್ತಹೀನತೆ, ಬಿಡದ ವಾಂತಿ ಇವುಗಳಲ್ಲಿ ಒಂದಿದ್ದರೂ, ಹೊಸದಾಗಿ ಶುರುವಾದ ತೊಂದರೆ ಐವತ್ತು ದಾಟಿದವರಲ್ಲಿದ್ದರೂ, ಮಾತ್ರೆ ಬದಲಿಸುತ್ತ ಕೂರದೆ ಎಂಡೋಸ್ಕೋಪಿ ಮಾಡಿಸಬೇಕು. ಕರುಳಿನ ಲಿಂಫೋಮಾ ಹೆಚ್ಚು ಗದ್ದಲ ಎಬ್ಬಿಸುತ್ತದೆ: ಬಿಟ್ಟು ಬಿಟ್ಟು ಬರುವ ಹೊಟ್ಟೆಕಡಿತ, ಕೈಗೆ ಸಿಗುವ ಗೆಡ್ಡೆ, ಕರುಳು ಕಟ್ಟುವುದು, ರಕ್ತಸ್ರಾವ, ಕೆಲವೊಮ್ಮೆ ಕರುಳು ತೂತಾಗಿ ನೇರ ಆಪರೇಷನ್ ಟೇಬಲ್ಲಿನ ಮೇಲೇ ರೋಗ ಗೊತ್ತಾಗುವುದು. ಜ್ವರ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ, ಈ ಮೂರನ್ನು ವೈದ್ಯರು ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳುತ್ತಾರೆ.

ಇದೇ ಮೂರು ಲಕ್ಷಣ ಕ್ಷಯರೋಗದಲ್ಲೂ ಇವೆ ಎಂಬಲ್ಲಿ ನಮ್ಮ ದೇಶದ ಮುಖ್ಯ ತೊಡಕು ಇದೆ. ಕರುಳಿನ ಟಿ.ಬಿ.ಗೂ ಬಲಗಡೆಯ ಕೆಳಹೊಟ್ಟೆಯೇ ಮೆಚ್ಚಿನ ಜಾಗ. ಅಲ್ಲೂ ಕರುಳಿನ ಗೋಡೆ ದಪ್ಪವಾಗುತ್ತದೆ, ಸುತ್ತಲ ಗ್ರಂಥಿಗಳು ಊದಿಕೊಳ್ಳುತ್ತವೆ, ಹುಣ್ಣಾಗುತ್ತದೆ. ಭಾರತದಲ್ಲಿ ಟಿ.ಬಿ. ಬಹಳ ಹೆಚ್ಚಿರುವುದರಿಂದ ವೈದ್ಯರ ಮನಸ್ಸು ಮೊದಲು ಅತ್ತ ವಾಲುವುದು ತಪ್ಪಲ್ಲ. ತಪ್ಪಾಗುವುದು, ಅಂಗಾಂಶದ ಆಧಾರವಿಲ್ಲದೆ ಬರೀ ಸ್ಕ್ಯಾನ್ ನೋಡಿ ಆರು ತಿಂಗಳ ಕೋರ್ಸ್ ಶುರುಮಾಡಿ, ಗುಣ ಕಾಣದಿದ್ದರೂ ಅದನ್ನೇ ಮುಂದುವರಿಸಿದಾಗ. ಟಿ.ಬಿ.ಯೇ ಆಗಿದ್ದರೆ ಸರಿಯಾದ ಔಷಧಕ್ಕೆ ಕರುಳಿನ ಹುಣ್ಣುಗಳು ಸುಮಾರು ಎರಡು ತಿಂಗಳಲ್ಲಿ ಮಾಯುತ್ತ ಬರಬೇಕು. ಆಗ ಕೊಲೊನೋಸ್ಕೋಪಿ ಮತ್ತೆ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಹುಣ್ಣು ಹಾಗೇ ಇದ್ದರೆ ಮತ್ತೊಮ್ಮೆ, ಇನ್ನಷ್ಟು ಆಳದಿಂದ, ಬಯಾಪ್ಸಿ ತೆಗೆಯಲೇಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಕೊಡುವುದು. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆ ಇರಬಹುದೆಂದೋ ಜ್ವರ ಇಳಿಯಲೆಂದೋ ಕೊಟ್ಟ ಪ್ರೆಡ್ನಿಸೊಲೋನ್ ಲಿಂಫೋಮಾ ಕಣಗಳನ್ನು ಒಂದಷ್ಟು ಕೊಲ್ಲುತ್ತದೆ. ರೋಗಿಗೆ ಹಾಯೆನಿಸುತ್ತದೆ, ಗೆಡ್ಡೆ ಕುಗ್ಗುತ್ತದೆ. ಆಮೇಲೆ ತೆಗೆದ ಚೂರಿನಲ್ಲಿ ಸತ್ತ ಕಣಗಳಷ್ಟೇ ಸಿಕ್ಕಿ ರೋಗದ ಗುರುತೇ ಹತ್ತುವುದಿಲ್ಲ. ಕೆಲವು ವಾರಗಳಲ್ಲಿ ರೋಗ ಮತ್ತೆ ಎದ್ದು ಕೂರುತ್ತದೆ. ಜೀವಾಪಾಯದ ತುರ್ತು ಇಲ್ಲದಿದ್ದರೆ ಲಿಂಫೋಮಾದ ಅನುಮಾನ ಇರುವಲ್ಲಿ ಮೊದಲು ಚೂರು, ಆಮೇಲೆ ಔಷಧ.

ಬಯಾಪ್ಸಿ ಮತ್ತು ಪ್ರಯೋಗಾಲಯ

ಎಂಡೋಸ್ಕೋಪಿನ ಇಕ್ಕಳದಲ್ಲಿ ಬರುವ ಚೂರು ಅಕ್ಕಿಕಾಳಿಗಿಂತ ಚಿಕ್ಕದು, ಎರಡು ಮೂರು ಮಿಲಿಮೀಟರ್ ಅಷ್ಟೆ. ಲಿಂಫೋಮಾ ಒಳಪೊರೆಯ ಕೆಳಗೆ ಅಡಗಿರುವುದರಿಂದ, ಜಠರದಲ್ಲಿ ಅಲ್ಲಲ್ಲಿ ಚದುರಿರುವುದರಿಂದ ಒಂದೆರಡು ಚೂರು ಸಾಲುವುದಿಲ್ಲ. ಕಾಣುವ ಗಾಯದಿಂದ ಕನಿಷ್ಠ ಹತ್ತು, ಜೊತೆಗೆ ಚೆನ್ನಾಗಿಯೇ ಕಾಣುವ ಭಾಗಗಳಿಂದಲೂ ಕೆಲವು ತೆಗೆಯಬೇಕೆಂಬುದು ಯುರೋಪಿನ ತಜ್ಞರ ಸಲಹೆ. ಮೊದಲ ವರದಿಯಲ್ಲಿ ‘ಸಾಧಾರಣ ಉರಿಯೂತ’ ಎಂದು ಬಂದು, ಅನುಮಾನ ಉಳಿದಿದ್ದರೆ ಮತ್ತೆ ತೆಗೆಯುವುದರಲ್ಲಿ ಸಂಕೋಚ ಬೇಡ.

ಚೂರುಗಳನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ತೆಳುವಿನ ಪದರಗಳಾಗಿ ಕೊಯ್ದು ಗಾಜಿನ ಮೇಲೆ ಹರಡುತ್ತಾರೆ. ನೀಲಿ-ಗುಲಾಬಿ ಬಣ್ಣ ಹಾಕಿದ ಮೊದಲ ಸ್ಲೈಡಿನಲ್ಲಿ ಪೆಥಾಲಜಿಸ್ಟ್ ನೋಡುವುದು ಕಣಗಳು ಚಿಕ್ಕವೋ ದೊಡ್ಡವೋ, ಜಠರದ ಸಣ್ಣ ಗ್ರಂಥಿಗಳೊಳಗೆ ನುಗ್ಗಿ ಅವನ್ನು ಒಡೆದಿವೆಯೋ ಎಂಬುದನ್ನು. ಹೀಗೆ ಒಡೆದ ಗ್ರಂಥಿಗಳು ಮಾಲ್ಟ್ ಲಿಂಫೋಮಾದ ಬಲವಾದ ಸುಳಿವು. ಬರೀ ಉರಿಯೂತಕ್ಕೂ ಲಿಂಫೋಮಾಕ್ಕೂ ನಡುವಿನ ಗೆರೆ ತೆಳು. ಅದಕ್ಕೆಂದೇ ವಾದರ್‌ಸ್ಪೂನ್ 0ಯಿಂದ 5ರವರೆಗಿನ ಅಂಕಪಟ್ಟಿ ಮಾಡಿದರು. ಮುಂದಿನದು ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಆಸ್ಪತ್ರೆಯ ಮಾತಿನಲ್ಲಿ ಐಎಚ್‌ಸಿ. ಒಂದೊಂದು ಸ್ಲೈಡಿಗೆ ಒಂದೊಂದು ಪ್ರತಿಕಾಯ ಹಾಕಿದಾಗ, ಹುಡುಕುತ್ತಿದ್ದ ಪ್ರೊಟೀನು ಇರುವ ಕಣಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಸಿಡಿ20 ಕಂದಾದರೆ ಬಿ-ಸೆಲ್, ಸಿಡಿ3 ಕಂದಾದರೆ ಟಿ-ಸೆಲ್. ಸೈಕ್ಲಿನ್ ಡಿ1 ಮ್ಯಾಂಟಲ್ ಸೆಲ್‌ನತ್ತ ಬೊಟ್ಟು ಮಾಡುತ್ತದೆ. ಸಿಡಿ10 ಮತ್ತು ಬಿಸಿಎಲ್2 ಕೂಡಿದ್ದರೆ ಫಾಲಿಕ್ಯುಲರ್ ಇರಬಹುದು. ಕೆಐ-67 ಎಷ್ಟು ಕಣಗಳು ವಿಭಜನೆಯ ಹಾದಿಯಲ್ಲಿವೆ ಎಂದು ಹೇಳುತ್ತದೆ. ಬರ್ಕಿಟ್‌ನಲ್ಲಿ ಅದು ಹೆಚ್ಚುಕಡಿಮೆ ನೂರಕ್ಕೆ ನೂರು.

ಕೆಲವು ಪ್ರಶ್ನೆಗಳಿಗೆ ವರ್ಣತಂತುಗಳನ್ನೇ ನೋಡಬೇಕು. ಫಿಶ್ ಎಂಬ ಪರೀಕ್ಷೆಯಲ್ಲಿ ಹೊಳೆಯುವ ಬಣ್ಣದ ಚುಕ್ಕೆಗಳ ಮೂಲಕ ವರ್ಣತಂತುಗಳ ತುಂಡುಗಳು ಜಾಗ ಬದಲಿಸಿವೆಯೇ ಎಂದು ತಿಳಿಯುತ್ತದೆ. 11 ಮತ್ತು 18ನೇ ವರ್ಣತಂತುಗಳ ನಡುವಿನ ಅದಲುಬದಲು ಇರುವ ಮಾಲ್ಟ್ ಲಿಂಫೋಮಾ ಆಂಟಿಬಯೋಟಿಕ್‌ಗೆ ಬಗ್ಗುವುದು ಕಡಿಮೆ. ಎಂವೈಸಿ ಎಂಬ ಜೀನು ಸ್ಥಳಾಂತರವಾಗಿ, ಜೊತೆಗೆ ಬಿಸಿಎಲ್2 ಕೂಡ ಹಾಗೇ ಆಗಿದ್ದರೆ ರೋಗ ಬಹಳ ಉಗ್ರ, ಚಿಕಿತ್ಸೆಯೂ ಹೆಚ್ಚು ತೀವ್ರವಾಗಿರಬೇಕು. ಐಎಚ್‌ಸಿ ಇಲ್ಲದೆ ‘ನಾನ್-ಹಾಡ್ಗ್‌ಕಿನ್ ಲಿಂಫೋಮಾ’ ಎಂದಷ್ಟೇ ಬರೆದ ವರದಿಯ ಮೇಲೆ ಕೀಮೋ ಶುರುಮಾಡುವುದು ಇಂದಿನ ಕಾಲಕ್ಕೆ ಒಪ್ಪತಕ್ಕದ್ದಲ್ಲ.

ಎಷ್ಟು ಹರಡಿದೆ ಎಂದು ತಿಳಿಯುವುದು

ರೋಗ ಜೀರ್ಣನಾಳದಲ್ಲೇ ಹುಟ್ಟಿತೋ ಬೇರೆಡೆಯಿಂದ ಬಂತೋ ಎಂದು ವಿಂಗಡಿಸಲು 1961ರಲ್ಲಿ ಡಾಸನ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇಂದೂ ಪಠ್ಯಪುಸ್ತಕಗಳಲ್ಲಿದೆ: ಹೊರಗಿನ ಗ್ರಂಥಿಗಳು ಊದಿರಬಾರದು, ಎದೆಯ ಎಕ್ಸ್‌ರೇಯಲ್ಲಿ ಗ್ರಂಥಿ ಕಾಣಬಾರದು, ಬಿಳಿಕಣಗಳ ಎಣಿಕೆ ಸರಿಯಿರಬೇಕು, ಯಕೃತ್ತು ಮತ್ತು ಗುಲ್ಮ ಸ್ವಚ್ಛವಾಗಿರಬೇಕು, ಕರುಳಿನ ಗಾಯವೇ ಪ್ರಧಾನವಾಗಿರಬೇಕು. ಈಗ ಸಿ.ಟಿ. ಮತ್ತು ಪೆಟ್-ಸಿ.ಟಿ. ಸ್ಕ್ಯಾನುಗಳು ಈ ಕೆಲಸವನ್ನು ಹಗುರ ಮಾಡಿವೆ. ಸಿ.ಟಿ.ಯಲ್ಲಿ ಲಿಂಫೋಮಾಕ್ಕೆ ಒಂದು ವಿಶಿಷ್ಟ ನೋಟವಿದೆ. ಕರುಳಿನ ಗೋಡೆ ತುಂಬಾ ದಪ್ಪಗಾಗಿದ್ದರೂ ಒಳದಾರಿ ಮುಚ್ಚದೆ, ಬದಲಿಗೆ ಹಿಗ್ಗಿರುತ್ತದೆ. ಬೇರೆ ಕ್ಯಾನ್ಸರುಗಳಲ್ಲಿ ನಾರಿನಂಶ ಬೆಳೆದು ದಾರಿ ಕಿರಿದಾಗುತ್ತದೆ, ಇಲ್ಲಿ ಹಾಗಾಗುವುದು ಕಡಿಮೆ. ಪೆಟ್ ಸ್ಕ್ಯಾನ್ ವೇಗವಾಗಿ ಬೆಳೆಯುವ ಬಗೆಗಳಿಗೆ ಬಹಳ ಉಪಯುಕ್ತ. ಮಾಲ್ಟ್‌ನಲ್ಲಿ ಅದು ಏನನ್ನೂ ತೋರಿಸದೇ ಇರಬಹುದು. ಜಠರದ ಗೋಡೆಯಲ್ಲಿ ರೋಗ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಉಪಕರಣ ಬೇಕು. ಸಣ್ಣಕರುಳಿನ ನಡುಭಾಗಕ್ಕೆ ಬಲೂನ್ ಎಂಟರೋಸ್ಕೋಪಿ ಇಲ್ಲವೇ ನುಂಗುವ ಕ್ಯಾಪ್ಸೂಲ್ ಕ್ಯಾಮೆರಾ ಇದೆ. ಕರುಳು ಕಿರಿದಾಗಿರುವ ಅನುಮಾನವಿದ್ದರೆ ಕ್ಯಾಪ್ಸೂಲ್ ಸಿಕ್ಕಿಹಾಕಿಕೊಳ್ಳುವ ಭಯವುಂಟು.

ಲಿಂಫೋಮಾದ ಸಾಮಾನ್ಯ ಹಂತಗಳ ಲೆಕ್ಕ ಜೀರ್ಣನಾಳಕ್ಕೆ ಸರಿಹೊಂದದ ಕಾರಣ 1994ರ ಲುಗಾನೊ ಪದ್ಧತಿಯನ್ನು ಬಳಸುತ್ತಾರೆ. ಜೀರ್ಣನಾಳದಲ್ಲಷ್ಟೇ ಇದ್ದರೆ ಮೊದಲ ಹಂತ, ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಅಥವಾ ಪಕ್ಕದ ಅಂಗಕ್ಕೆ ತಾಗಿದ್ದರೆ ಎರಡನೆಯದು, ವಪೆಯಿಂದ ಮೇಲಿನ ಗ್ರಂಥಿಗಳಿಗೋ ದೂರದ ಅಂಗಗಳಿಗೋ ಹೋಗಿದ್ದರೆ ನಾಲ್ಕನೆಯದು. ಮೂರನೆಯ ಹಂತ ಇದರಲ್ಲಿ ಇಲ್ಲ. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವವನ್ನು ಅಳೆಯುತ್ತಾರೆ, ಅಗತ್ಯವಿದ್ದಲ್ಲಿ ಮೂಳೆಮಜ್ಜೆ ಪರೀಕ್ಷಿಸುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಸಿ ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸಬಾರದು. ಹಿಂದೆಂದೋ ಬಂದು ಸುಮ್ಮನಿದ್ದ ಹೆಪಟೈಟಿಸ್ ಬಿ ವೈರಸ್ಸು, ಲಿಂಫೋಮಾದ ಚಿಕಿತ್ಸೆಯಲ್ಲಿ ಬಳಸುವ ರಿಟುಕ್ಸಿಮ್ಯಾಬ್ ಔಷಧ ಕೊಟ್ಟಾಗ ಮರುಕಳಿಸಿ ಯಕೃತ್ತನ್ನೇ ಬಲಿತೆಗೆದುಕೊಳ್ಳಬಲ್ಲದು. ಮೊದಲೇ ಗೊತ್ತಿದ್ದರೆ ಒಂದು ಮಾತ್ರೆಯಿಂದ ಇದನ್ನು ತಡೆಯಬಹುದು.

ಮಾಲ್ಟ್ ಲಿಂಫೋಮಾದ ಚಿಕಿತ್ಸೆ

ಜಠರದ ಮಾಲ್ಟ್ ಲಿಂಫೋಮಾ ಆರಂಭದ ಹಂತದಲ್ಲಿದ್ದು ಹೆಲಿಕೊಬ್ಯಾಕ್ಟರ್ ಇದ್ದರೆ, ಅದನ್ನು ನಿರ್ಮೂಲ ಮಾಡುವುದೇ ಚಿಕಿತ್ಸೆ. ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಎರಡು ಮೂರು ಬಗೆಯ ಔಷಧ, ಸಾಮಾನ್ಯವಾಗಿ ಹದಿನಾಲ್ಕು ದಿನ. ಕ್ಲಾರಿಥ್ರೊಮೈಸಿನ್‌ಗೆ ಬ್ಯಾಕ್ಟೀರಿಯಾ ಒಗ್ಗಿಹೋಗಿರುವ ಕಡೆ ಬಿಸ್ಮತ್ ಸೇರಿದ ನಾಲ್ಕು ಔಷಧಗಳ ಕೋರ್ಸ್ ಉತ್ತಮ. ಮುಗಿದು ನಾಲ್ಕರಿಂದ ಆರು ವಾರದ ಮೇಲೆ, ಆಮ್ಲದ ಮಾತ್ರೆ ಎರಡು ವಾರ ನಿಲ್ಲಿಸಿ, ಉಸಿರಿನ ಪರೀಕ್ಷೆಯಿಂದಲೋ ಮಲಪರೀಕ್ಷೆಯಿಂದಲೋ ಸೋಂಕು ಹೋಗಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಸುಮಾರು ನಾಲ್ವರಲ್ಲಿ ಮೂವರಿಗೆ ಇಷ್ಟರಿಂದಲೇ ಲಿಂಫೋಮಾ ಪೂರ್ತಿ ಮಾಯವಾಗುತ್ತದೆ.

ಆದರೆ ಕಾಯಬೇಕು. ಬ್ಯಾಕ್ಟೀರಿಯಾ ಎರಡು ವಾರದಲ್ಲಿ ಸತ್ತರೂ ಲಿಂಫೋಮಾ ಕರಗಲು ತಿಂಗಳುಗಳು ಬೇಕು. ಕೆಲವರಲ್ಲಿ ಒಂದು ವರ್ಷಕ್ಕೂ ಹೆಚ್ಚು. ಮೂರು ತಿಂಗಳ ಎಂಡೋಸ್ಕೋಪಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಶೇಷ ಉಳಿದಿದೆ ಎಂಬ ಕಾರಣಕ್ಕೆ ಗಾಬರಿಯಾಗಿ ಕೀಮೋಗೆ ಹಾರುವುದು ರೋಗಿಗೆ ಮಾಡುವ ಅನ್ಯಾಯ. ಸೋಂಕು ಇಲ್ಲವೆಂದು ಬಂದವರಿಗೂ ಒಂದು ಸಲ ಈ ಔಷಧ ಕೊಟ್ಟು ನೋಡಬಹುದು; ಕೆಲವರಿಗೆ ಫಲ ಸಿಗುತ್ತದೆ. ನಿಜಕ್ಕೂ ಬಗ್ಗದ ರೋಗಕ್ಕೆ ವಿಕಿರಣ ಚಿಕಿತ್ಸೆ ಅತ್ಯುತ್ತಮ. ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆಯನ್ನು ಜಠರಕ್ಕೆ 24ರಿಂದ 30 ಗ್ರೇ ಪ್ರಮಾಣದಲ್ಲಿ, ಮೂರು ವಾರದ ಆಸುಪಾಸಿನಲ್ಲಿ ಹಂಚಿ ಕೊಡುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿಗೆ ರೋಗ ಹೋಗುತ್ತದೆ, ಜಠರ ಉಳಿಯುತ್ತದೆ. ಹರಡಿದ್ದರೆ ರಿಟುಕ್ಸಿಮ್ಯಾಬ್, ಜೊತೆಗೆ ಸೌಮ್ಯವಾದ ಕೀಮೋ.

ವೇಗವಾಗಿ ಬೆಳೆಯುವ ಬಗೆಗಳು

ಒಂದು ಕಾಲಕ್ಕೆ ಜಠರದ ಲಿಂಫೋಮಾ ಎಂದರೆ ಜಠರವನ್ನೇ ಕತ್ತರಿಸಿ ತೆಗೆಯುವುದು ಎಂದಾಗಿತ್ತು. ಮೆಕ್ಸಿಕೊದಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ಜರ್ಮನಿಯ ಹಲವು ಕೇಂದ್ರಗಳ ಅನುಭವ, ಇವೆರಡೂ ಶಸ್ತ್ರಕ್ರಿಯೆ ಇಲ್ಲದೆಯೇ ಅಷ್ಟೇ ಒಳ್ಳೆಯ ಫಲ ಸಿಗುತ್ತದೆಂದು ತೋರಿಸಿದವು. ಈಗ ಜಠರದ ಲಿಂಫೋಮಾದಲ್ಲಿ ಚಾಕುವಿಗೆ ಕೆಲಸ ಇರುವುದು ತೂತು, ನಿಲ್ಲದ ರಕ್ತಸ್ರಾವ, ಕಟ್ಟಿಕೊಂಡ ದಾರಿ ಇವುಗಳಿಗಷ್ಟೇ. ಕರುಳಿನಲ್ಲಿ ಶಸ್ತ್ರಕ್ರಿಯೆಯ ಪಾತ್ರ ಸ್ವಲ್ಪ ಹೆಚ್ಚು, ಏಕೆಂದರೆ ಅಲ್ಲಿ ತುರ್ತುಗಳೂ ಹೆಚ್ಚು.

ಡಿಫ್ಯೂಸ್ ಲಾರ್ಜ್ ಬಿ-ಸೆಲ್‌ಗೆ ಆರ್-ಚಾಪ್ ಎಂಬ ಐದು ಔಷಧಗಳ ಕೂಟ ಎರಡು ದಶಕಗಳಿಂದ ತಳಹದಿಯಾಗಿ ನಿಂತಿದೆ: ರಿಟುಕ್ಸಿಮ್ಯಾಬ್, ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್. ಬಿ-ಸೆಲ್‌ಗಳ ಮೇಲಿನ ಸಿಡಿ20ಯನ್ನೇ ಗುರಿಯಾಗಿಸಿಕೊಂಡ ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಮನ್ನಣೆ ಸಿಕ್ಕಿದ್ದು 1997ರಲ್ಲಿ. ಅದನ್ನು ಹಳೆಯ ಚಾಪ್‌ಗೆ ಸೇರಿಸಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಫ್ರೆಂಚ್ ವೈದ್ಯ ಬರ್ಟ್ರಾಂಡ್ ಕ್ವಾಫಿಯೆ ಅವರ ತಂಡ 2002ರಲ್ಲಿ ಸಾಬೀತು ಮಾಡಿತು. ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ಬಹುತೇಕ ಡೇ-ಕೇರ್‌ನಲ್ಲೇ ಮುಗಿಯುತ್ತದೆ. ಡಾಕ್ಸೊರುಬಿಸಿನ್ ಹೃದಯಕ್ಕೆ ಭಾರವಾದ್ದರಿಂದ ಮೊದಲು ಎಕೋ ಪರೀಕ್ಷೆ. ಅದರ ಕೆಂಪು ದ್ರಾವಣ ಹೋದ ಮೇಲೆ ಮೂತ್ರ ಕೆಂಪಾಗುವುದನ್ನು ರಕ್ತವೆಂದು ಹೆದರಬೇಕಿಲ್ಲ. ವಿನ್‌ಕ್ರಿಸ್ಟಿನ್‌ನಿಂದ ಮಲಬದ್ಧತೆ, ಬೆರಳ ತುದಿ ಜೋಮು ಬರುತ್ತವೆ.

ಹೆದರಬೇಕಾದದ್ದು ಎರಡಕ್ಕೆ. ಕೀಮೋ ನಡುವೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ ಬಂದರೆ ಅದು ಬಿಳಿಕಣ ಕುಸಿದ ಸೂಚನೆಯಾಗಿರಬಹುದು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಥಟ್ಟನೆ ಬಂದ ತೀವ್ರ ಹೊಟ್ಟೆನೋವು. ಗೋಡೆಯ ಪೂರ್ತಿ ದಪ್ಪಕ್ಕೂ ಗೆಡ್ಡೆ ಆವರಿಸಿದ್ದಲ್ಲಿ, ಅದು ಕರಗುತ್ತಿದ್ದಂತೆ ತೂತಾಗಬಹುದು. ಅಮೆರಿಕದ ಮೇಯೊ ಕ್ಲಿನಿಕ್ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ ಶೇ. 9ರಷ್ಟು ಮಂದಿಯಲ್ಲಿ ತೂತಾಗಿತ್ತು. ಜಠರಕ್ಕಿಂತ ಸಣ್ಣಕರುಳಿನಲ್ಲಿ ಹೆಚ್ಚು. ಸ್ಟೀರಾಯ್ಡ್ ನೋವನ್ನು ಮರೆಮಾಚುವುದರಿಂದ ಸಣ್ಣ ನೋವನ್ನೂ ಹೇಳಿಕೊಳ್ಳಬೇಕೆಂದು ಮನೆಯವರಿಗೆ ತಿಳಿಸಿರಬೇಕು.

ಬರ್ಕಿಟ್‌ಗೆ ಆರ್-ಚಾಪ್ ಸಾಲದು. ಆಸ್ಪತ್ರೆಯಲ್ಲಿಟ್ಟು ತೀವ್ರವಾದ ಕೀಮೋ, ಮೆದುಳಿಗೆ ಹರಡದಂತೆ ಬೆನ್ನುಹುರಿಯ ದ್ರವಕ್ಕೂ ಔಷಧ. ಗೆಡ್ಡೆ ಒಮ್ಮೆಗೇ ಕರಗಿ ಯೂರಿಕ್ ಆಮ್ಲ, ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಮೂತ್ರಪಿಂಡ ನಿಲ್ಲಬಹುದಾದ್ದರಿಂದ ಮೊದಲ ದಿನಗಳಲ್ಲಿ ಸಲೈನ್, ಅಲೊಪ್ಯೂರಿನಾಲ್ ಇಲ್ಲವೇ ರಾಸ್ಬುರಿಕೇಸ್ ಕಡ್ಡಾಯ. ಇಷ್ಟು ಜಾಗರೂಕತೆ ವಹಿಸಿದರೆ ಬಹುಪಾಲು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಮ್ಯಾಂಟಲ್ ಸೆಲ್‌ನಲ್ಲಿ ರಿಟುಕ್ಸಿಮ್ಯಾಬ್ ಸಹಿತ ಕೀಮೋ, ಕೆಲವರಿಗೆ ತಮ್ಮದೇ ಕಾಂಡಕೋಶಗಳ ಕಸಿ, ಇತ್ತೀಚೆಗೆ ಇಬ್ರುಟಿನಿಬ್, ಅಕಾಲಬ್ರುಟಿನಿಬ್‌ನಂಥ ಮಾತ್ರೆಗಳು. ಡುವೊಡಿನಮ್‌ನ ಫಾಲಿಕ್ಯುಲರ್‌ಗೆ ತೊಂದರೆ ಇಲ್ಲದಿದ್ದರೆ ಗಮನಿಸುತ್ತಿದ್ದರೆ ಸಾಕು. ಸೀಲಿಯಾಕ್ ಸಂಬಂಧದ ಟಿ-ಸೆಲ್ ಲಿಂಫೋಮಾದಲ್ಲಿ ಫಲ ಇನ್ನೂ ನಿರಾಶಾದಾಯಕ. ಪೌಷ್ಟಿಕತೆ ಕುಸಿದ ರೋಗಿ ಕೀಮೋ ತಾಳಿಕೊಳ್ಳುವುದೇ ಕಷ್ಟ. ಸಿಡಿ30 ಇದ್ದವರಿಗೆ ಬ್ರೆಂಟುಕ್ಸಿಮ್ಯಾಬ್, ಸಾಧ್ಯವಾದವರಿಗೆ ಕಾಂಡಕೋಶ ಕಸಿ ಒಂದಿಷ್ಟು ಆಸೆ ಮೂಡಿಸಿವೆ.

ಭಾರತದಲ್ಲಿ

ರಿಟುಕ್ಸಿಮ್ಯಾಬ್ ದುಬಾರಿಯೆಂಬ ಕಾರಣಕ್ಕೆ ‘ಆರ್’ ಇಲ್ಲದ ಚಾಪ್ ಕೊಡುತ್ತಿದ್ದ ಕಾಲ ನಮ್ಮಲ್ಲಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಅದರ ಪ್ರತಿರೂಪ ಔಷಧವನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿಯುತ್ತ ಬಂತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಸರ್ಕಾರಿ ಕೇಂದ್ರದಲ್ಲಿ ಪೆಥಾಲಜಿ, ಕೀಮೋ, ವಿಕಿರಣ ಮೂರೂ ಒಂದೇ ಆವರಣದಲ್ಲಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಸಿಗುತ್ತದೆ. ಆರ್-ಚಾಪ್‌ಗೆ ಬಗ್ಗದ, ಮರುಕಳಿಸಿದ ಬಿ-ಸೆಲ್ ಲಿಂಫೋಮಾಕ್ಕೆ ರೋಗಿಯದೇ ಟಿ-ಕಣಗಳನ್ನು ಹೊರತೆಗೆದು, ಗೆಡ್ಡೆಯನ್ನು ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಬಂದಿದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ದೇಶದ ಮೊದಲ ಮನ್ನಣೆ ದೊರಕಿತು. ವಿದೇಶದ ಬೆಲೆಗೆ ಹೋಲಿಸಿದರೆ ಅದು ಸಣ್ಣ ಭಾಗ, ಸಾಮಾನ್ಯ ಸಂಸಾರಕ್ಕೆ ಈಗಲೂ ದೊಡ್ಡ ಮೊತ್ತ. ನಿಜವಾದ ಕೊರತೆ ಇರುವುದು ಜಿಲ್ಲಾ ಮಟ್ಟದಲ್ಲಿ: ಎಂಡೋಸ್ಕೋಪಿ ಸಿಗುತ್ತದೆ, ಐಎಚ್‌ಸಿ ಸಿಗುವುದಿಲ್ಲ. ಚೂರು ಊರೂರು ಅಲೆಯುವಷ್ಟರಲ್ಲಿ ವಾರಗಳು ಕಳೆಯುತ್ತವೆ.

ಚಿಕಿತ್ಸೆ ಮುಗಿದ ಮೇಲೂ ನಂಟು ಮುಗಿಯುವುದಿಲ್ಲ. ಮಾಲ್ಟ್ ಲಿಂಫೋಮಾ ಹೋದವರಲ್ಲಿ ಮುಂದೆ ಜಠರದ ಮಾಮೂಲಿ ಕ್ಯಾನ್ಸರು ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಹೀಗಾಗಿ ನಿಯತವಾದ ಎಂಡೋಸ್ಕೋಪಿ ವರ್ಷಗಳ ಕಾಲ ಬೇಕು. ಜಠರ ತೆಗೆಸಿಕೊಂಡವರಿಗೆ ಬಿ12 ಚುಚ್ಚುಮದ್ದು ಬದುಕಿಡೀ ಬೇಕು. ರೋಗಿಗಳ ಮನೆಯವರಲ್ಲಿ ಒಂದು ಮನವಿ: ಬಯಾಪ್ಸಿಯ ವರದಿಯ ಕಾಗದದ ಜೊತೆಗೆ ಮೇಣದ ಬ್ಲಾಕುಗಳನ್ನೂ ಸ್ಲೈಡುಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ, ಅವು ನಿಮ್ಮ ಹಕ್ಕು. ದೊಡ್ಡ ಆಸ್ಪತ್ರೆಗೆ ಹೋಗುವಾಗ ಮೊದಲು ಅವನ್ನು ಚೀಲಕ್ಕೆ ಹಾಕಿಕೊಳ್ಳಿ. ಬ್ಲಾಕ್ ಕೈಯಲ್ಲಿದ್ದರೆ ಮತ್ತೊಮ್ಮೆ ಚೂರು ತೆಗೆಯದೆಯೇ ಬೇಕಾದ ಪರೀಕ್ಷೆಗಳನ್ನು ಮಾಡಬಹುದು, ಚಿಕಿತ್ಸೆ ಅಷ್ಟು ಬೇಗ ಶುರುವಾಗುತ್ತದೆ.